ಬೆರಳಗಲದ ಬಾಕಿ

ಆ ಭಾನುವಾರ ಬೆಳಿಗ್ಗೆ ವಿಕ್ರೋಳಿಯಲ್ಲಿ ಗಾಳಿ ಎಂಬುದೇ ಇರಲಿಲ್ಲ. ಮಳೆ ಹಿಂದೆಗೆದು ಚಳಿ ಇನ್ನೂ ಕಾಲಿಡದ ದಿನಗಳು. ಸಮುದ್ರದ ಖಾಡಿಯ ಕಡೆಯಿಂದ ಎದ್ದ, ಮಂಜೋ ಹೊಗೆಯೋ ತಿಳಿಯದ ಬಿಳುಪೊಂದು ಹೈವೇ ದಾಟಿ, ಕಾರ್ಖಾನೆಯ ಕಾಂಪೌಂಡು ದಾಟಿ, ನಾಗಭೂಷಣನ ಬಚ್ಚಲುಮನೆಯ ಕಿಟಕಿಯವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿತ್ತು. ಇಷ್ಟು ಬೇಗನೆ ಮೈ ಬೆವೆತಿತ್ತು. ಕನ್ನಡಿಯ ಮುಂದೆ ನೊರೆ ಹಚ್ಚಿಕೊಂಡು, ಎರಡೂ ಕೆನ್ನೆ ಕೆರೆದು ಮುಗಿಸಿ, ಗದ್ದ ಎತ್ತಿದವನು ರೇಜರನ್ನು ಗಂಟಲಿಗೆ ತರಲಾರದೆ ಹೋದ. ಅಲ್ಲಿ ಗಂಟಲಿನ ಗಂಟು, ತನ್ನದಲ್ಲದ ಯಾವುದೋ ಸಣ್ಣ ಪ್ರಾಣಿಯ ಹಾಗೆ, ನೊರೆಯ ಕೆಳಗೆ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಐವತ್ತೆರಡು ವರ್ಷ ಇದನ್ನು ಹೊತ್ತು ತಿರುಗಿದ್ದೇನೆ, ಒಂದು ದಿನವೂ ಇದರ ಕಡೆ ನೋಡಿರಲಿಲ್ಲವಲ್ಲ ಎನಿಸಿತು. ಇವತ್ತು ಮಾಟುಂಗದ ತಾಲೀಮಿನಲ್ಲಿ, ಅವನು ಈಟಿ ಕಲಿಯುವ ಗರಡಿಯಲ್ಲಿ, ಮಹಾದೇವಿ ಎಂಬ ಹೆಂಗಸು, ಬಟ್ಟೆ ಸುತ್ತದ ಬರಿಯ ಈಟಿಯನ್ನು ಇದೇ ಜಾಗಕ್ಕೆ ಗುರಿಯಿಟ್ಟು, ಮೈಯ ಬಲವನ್ನೆಲ್ಲ ಹಾಕಿ ತಿವಿಯುತ್ತಾಳೆ. ಚರ್ಮಕ್ಕೆ ಬೆರಳಗಲ ಉಳಿದಿರುವಾಗ ನಿಲ್ಲಿಸುತ್ತಾಳೆ. ನಿಲ್ಲಿಸಬೇಕು. ಅವನು ಬರಿಗೈಯಲ್ಲಿ, ಕದಲದೆ, ನಿಂತಿರಬೇಕು. ಅವಳು ತಿವಿಯುವ ಬಲಗೈಯ ಭುಜಕ್ಕೆ ಹೊಲಿಗೆ ಬಿಚ್ಚಿ ಇನ್ನೂ ವಾರವಾಗಿರಲಿಲ್ಲ. ಆ ಗಾಯ ಮಾಡಿದವನು ಅವನೇ.

"ಏನೂಂದ್ರೆ, ಬಚ್ಚಲಲ್ಲೇ ಮಲಗಿಬಿಟ್ರಾ?" ಪಂಕಜಾ ಹೊರಗಿನಿಂದ ಕೇಳಿದಳು. "ಕಾಫಿ ಆರ್ತಾ ಇದೆ."

"ಬಂದೆ ಕಣೇ."

ನೊರೆಯನ್ನು ಹಾಗೇ ತೊಳೆದುಕೊಂಡ. ಕೆನ್ನೆ ನುಣುಪು, ಗಂಟಲು ಒರಟು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಾಫಿ ಕುಡಿಯುವಾಗ ಪಂಕಜಾ ಅವನ ಮುಖ ನೋಡಲಿಲ್ಲ, ಲೋಟ ಹಿಡಿದ ಕೈ ನೋಡಿದಳು. ಮದುವೆಯಾದಾಗಿನಿಂದ ಅವಳು ಅವನ ಕೈಯನ್ನೇ ನೋಡುವುದು. ಅವನ ಮುಖ ಯಾವಾಗಲೂ ನಗುತ್ತಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ ಎಂದು ಬಾಣಂತನಕ್ಕೆ ಹೋದಾಗ ತಾಯಿಗೆ ಹೇಳಿದ್ದಳಂತೆ.

"ಅವರಿಗೆ ಹೇಳಿದ್ರಾ?"

"ಏನು?"

"ಎಣ್ಣೆ ವಿಷಯ."

"ಇವತ್ತು ಹೇಳ್ತೀನಿ."

"ಹೋದ ಭಾನುವಾರಾನೂ ಹೀಗೇ ಅಂದ್ರಿ. ಒರೆಸಿ ಸುತ್ರೀ, ಜಾರತ್ತೆ ಅಂತ ನಾನು ಅವತ್ತೇ ಬಡ್ಕೊಂಡೆ. ಆ ಹೆಂಗಸು ರೊಟ್ಟಿ ತಟ್ಟಿ ಜೀವನ ಮಾಡೋಳು. ತೋಳು ಹೋಗಿದ್ರೆ ಏನ್ರೀ ಗತಿ?"

ಸೋಫಾದ ಮೇಲೆ ಕಾಲು ಮಡಿಸಿ ಫೋನು ನೋಡುತ್ತಿದ್ದ ಮಗಳು ಸುಪ್ರಜಾ ತಲೆ ಎತ್ತದೆ, "ಅಪ್ಪಾ, ಸಚ್ಚೀ ಬೋಲೂಂ? ಈ ಏಜಲ್ಲಿ ಯೋಗಾ ಮಾಡ್ತಾರೆ ಎಲ್ಲಾ. ಭಾಲಾ, ಈಟಿ ಎಲ್ಲಾ ಯಾರು ಹಿಡೀತಾರೆ?" ಎಂದಳು. ಅವನು ನಕ್ಕ. ನಗು ತಾನಾಗಿ ಬಂತು, ಬಾಗಿಲಿನ ಗಂಟೆ ಒತ್ತಿದಾಗ ಒಳಗೆ ಸದ್ದಾಗುವಂತೆ.

ಎಣ್ಣೆ. ಆಯುಧಪೂಜೆಯ ದಿನ ತಾಲೀಮಿನವರೆಲ್ಲ ತಮ್ಮ ತಮ್ಮ ಈಟಿಗಳನ್ನು ಮನೆಗೆ ಒಯ್ದು ಪೂಜೆ ಮಾಡಿ ತರುವುದು ಅಲ್ಲಿಯ ರೂಢಿ. ಅವನೂ ತಂದಿದ್ದ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಲೋಕಲಿನ ಲಗೇಜು ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು, ಕೇಳಿದವರಿಗೆ ಪರದೆಯ ಕೋಲು ಎಂದು ಹೇಳುತ್ತಾ. ಜೋಡಿ ಆಟಕ್ಕೆ ಈಟಿಯ ಅಲಗಿನ ಮೇಲೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಸುತ್ತಿ, ನಿಂಬೆಹಣ್ಣಿಗಿಂತ ಸ್ವಲ್ಪ ದಪ್ಪನೆಯ ಚೆಂಡು ಮಾಡಿ ದಾರದಿಂದ ಕಟ್ಟಿರುತ್ತಾರೆ. ಮುಖ ಮುಚ್ಚಿದ ದೇವರಿಗೆ ಪೂಜೆಯಿಲ್ಲ ಎಂದು ಅವನ ಮನೆಯಲ್ಲಿ ಹಿಂದಿನಿಂದ ಬಂದ ನಡವಳಿಕೆ. ಅವನು ಬಟ್ಟೆ ಬಿಚ್ಚಿದ. ಅಲಗನ್ನು ತೊಳೆದು, ಮನೆಯಲ್ಲಿ ಕಬ್ಬಿಣಕ್ಕೆಲ್ಲ ಮಾಡುವಂತೆ ಎಳ್ಳೆಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಎಸಳು ಏರಿಸಿ, ಆರತಿ ಎತ್ತಿದ. ಮಾರನೆಯ ದಿನ ಬಟ್ಟೆ ಮತ್ತೆ ಸುತ್ತಲು ಕೂತಾಗ ಪಂಕಜಾ ಒರೆಸಿ ಎಂದಳು. "ಹಚ್ಚಿದ ಕುಂಕುಮ ಒರೆಸ್ತಾರೇನೇ?" ಎಂದು ಅವನು ಗದರಿದ. ಹಾಗೆ ಗದರುವಾಗ ತನ್ನೊಳಗೆ ಒಂದು ಹಿತವಾದ ಬಿಸಿ ಎದ್ದದ್ದು ಅವನಿಗೆ ನೆನಪಿದೆ. ಈಟಿ ತೊಡೆಯ ಮೇಲಿತ್ತು, ದೇವರ ಮಾತು ಬಾಯಲ್ಲಿತ್ತು, ಹೆಂಡತಿ ಸುಮ್ಮನಾದಳು. ಎಣ್ಣೆಯ ಮೇಲೆಯೇ ಬಟ್ಟೆ ಸುತ್ತಿದ.

ಸ್ಟೇಷನ್ನಿನಲ್ಲಿ, ಭಾನುವಾರವಲ್ಲವೆ, ಹಳಿ ರಿಪೇರಿಯ ಮೆಗಾಬ್ಲಾಕ್ ಇದ್ದು ಗಾಡಿಗಳೆಲ್ಲ ನಿಂತಿರಲಿ ಎಂದು ಅವನು ಮನಸ್ಸಿನಲ್ಲಿ ಬೇಡಿಕೊಂಡ. ಮೆಗಾಬ್ಲಾಕ್ ಇತ್ತು, ಆದರೆ ಅದು ಶುರುವಾಗುವುದು ಇನ್ನೂ ತಡವಾಗಿ. ಸ್ಲೋ ಗಾಡಿ ಯಾವ ಭಾನುವಾರವೂ ಬಾರದಷ್ಟು ಸರಿಯಾಗಿ ಬಂತು. ಕೂರಲು ಜಾಗವಿತ್ತು. ಕೂತರೆ ಎದುರು ಕೂತವರು ತನ್ನ ಗಂಟಲನ್ನು ನೋಡುತ್ತಾರೆ ಎನಿಸಿ ಬಾಗಿಲ ಬಳಿಯ ಕಂಬ ಹಿಡಿದು ನಿಂತ. ಘಾಟ್ಕೋಪರ್ ಬಂತು. ಘಾಟ್ಕೋಪರ್ ಬಂದಾಗಲೆಲ್ಲ ಅವನ ಕೈ ತಾನಾಗಿ ಕನ್ನಡಕಕ್ಕೆ ಹೋಗುತ್ತದೆ. ಹಿಂದೊಮ್ಮೆ ಇಳಿಯುವವರ ನೂಕಿನಲ್ಲಿ ಒಬ್ಬ, ಅವನಿಗೆ ಮಗನಾಗಬಹುದಾದಷ್ಟು ವಯಸ್ಸಿನವನು, ಹೀಗೇ ಕೈ ಚಾಚಿ, ಸಲೀಸಾಗಿ, ತನ್ನದೇ ವಸ್ತುವನ್ನು ಗೂಡಿನಿಂದ ತೆಗೆದುಕೊಳ್ಳುವಂತೆ ಅವನ ಕನ್ನಡಕ ತೆಗೆದು ತಾನು ಹಾಕಿಕೊಂಡು, "ಕೈಸಾ ಲಗ್ ರಹಾ ಹೂಂ?" ಎಂದು ಗೆಳೆಯರಿಗೆ ಕೇಳಿದ್ದ. ಲೋಕವೆಲ್ಲ ಮಸುಕಾಗಿತ್ತು. ಆ ಮಸುಕಿನಲ್ಲಿ ಎಲ್ಲರೂ ನಗುತ್ತಿದ್ದರು, ಅವರ ಜೊತೆ ಅವನೂ ನಗುತ್ತಿದ್ದ. ಕನ್ನಡಕ ವಾಪಸು ಕೊಟ್ಟು ಆ ಹುಡುಗ ಇಳಿದು ಹೋದಮೇಲೂ, ಕುರ್ಲಾ ದಾಟಿದ ಮೇಲೂ ನಗು ಮುಖದಿಂದ ಇಳಿಯಲಿಲ್ಲ. ಆಫೀಸಿನಲ್ಲಿ ಬಚ್ಚಲಿಗೆ ಹೋಗಿ ಎರಡು ಕೈಯಿಂದ ಕೆನ್ನೆ ಹಿಡಿದು ಅದನ್ನು ಇಳಿಸಬೇಕಾಯಿತು. ಅದೇ ತಿಂಗಳು ಮಾಟುಂಗದ ಕನ್ನಡ ಸಂಘದ ಸಭೆಗೆ ಹೋದವನು ಅಲ್ಲಿಯ ಗುಡಿಯೊಂದರ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಕೆಳಗೆ ಗಂಡಸರೂ ಹೆಂಗಸರೂ ಈಟಿ ತಿರುವುವುದನ್ನು ಕಂಡ. ಈಟಿ ಕಲಿಸುವ ವಸ್ತಾದ ಬಸವಂತರಾಯರು ಹೊಸಬನ ಕೈಗೆ ಒಂದು ಕೋಲು ಕೊಟ್ಟರು. ಆರಡಿ ಬಿದಿರು. ಅದನ್ನು ಮುಂದೆ ಚಾಚಿ ಹಿಡಿದಾಗ ತನಗೂ ಲೋಕಕ್ಕೂ ನಡುವೆ ಮೊದಲ ಬಾರಿಗೆ ಒಂದಿಷ್ಟು ಅಂತರ ಉಂಟಾಯಿತು ಎಂದು ಅವನಿಗೆ ಅನಿಸಿತು, ಕಣ್ಣು ತುಂಬಿ ಬಂತು. ಬಸವಂತರಾಯರು ಮುಖ ತಿರುಗಿಸಿ, "ಧೂಳಿ ಭಾಳ ಅದ ಇಲ್ಲಿ" ಎಂದಿದ್ದರು.

ಅಲ್ಲಿಂದ ಶುರುವಾದದ್ದು. ಬೆಳಿಗ್ಗೆ ಏಳುವಾಗ ಅಂಗೈ ಉರಿಯುತ್ತಿದ್ದರೆ ಸಂತೋಷವಾಗುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ ಮೇಲಧಿಕಾರಿ ಎಲ್ಲರೆದುರು ಅವನ ಲೆಕ್ಕ ತಪ್ಪೆಂದು ಹಂಗಿಸುವಾಗ ಮೇಜಿನ ಕೆಳಗೆ ಅವನ ಕೈಗಳು ಇಲ್ಲದ ಬಿದಿರನ್ನು ಹಿಡಿದಿರುತ್ತಿದ್ದವು. ಮನಸ್ಸಿನಲ್ಲಿ ಎಷ್ಟು ಜನರನ್ನು ತಿವಿದಿಲ್ಲ ಅವನು! ಕನ್ನಡಕದ ಹುಡುಗನನ್ನು ಘಾಟ್ಕೋಪರಿನ ಸೇತುವೆಯ ಮೇಲೆ ಎಷ್ಟೋ ಬಗೆಯಲ್ಲಿ. ನಿಜವಾಗಿ ಅಲಗು ಹೊಕ್ಕ ದಿನ ಅದು ಹೊಕ್ಕದ್ದು, ಸಂಜೆ ಮಿಕ್ಕ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ "ಅಕ್ಕಾರಿಗೆ ಒಯ್ಯಿರಿ" ಎಂದು ಪಂಕಜಾಳಿಗೆಂದು ಕೊಡುತ್ತಿದ್ದ ಮಹಾದೇವಿಯ ಮೈಗೆ.

ಆಗ ಆದದ್ದು ಇಷ್ಟೇ. ಜೋಡಿ ಆಟದಲ್ಲಿ ಅವನು ತಿವಿಯಬೇಕು, ಅವಳು ತನ್ನ ಕೋಲಿನಿಂದ ಪಕ್ಕಕ್ಕೆ ಸರಿಸಬೇಕು. ಅವಳು ಸರಿಸಿದಳು. ಕೋಲಿಗೆ ಕೋಲು ತಾಗಿದ ಪೆಟ್ಟಿಗೆ ಬಟ್ಟೆಯ ಚೆಂಡು, ಹಣ್ಣಾದ ಬಾಳೆಯ ಸಿಪ್ಪೆಯಂತೆ, ಸದ್ದಿಲ್ಲದೆ ಜಾರಿ ಬಿತ್ತು. ಅವನ ಕೈ ಮುಂದೆ ಹೋಗುತ್ತಲೇ ಇತ್ತು. ಅಲಗು ಅವಳ ಬಲಭುಜದ ಕೀಲಿನ ಕೆಳಗೆ, ತೋಳು ಎದೆಯನ್ನು ಕೂಡುವಲ್ಲಿ ಹೊಕ್ಕಿತು. "ಅಯ್ಯ" ಎಂದಳು ಅವಳು, ಒಲೆಯ ಮೇಲಿನ ಹಾಲು ಉಕ್ಕಿದ್ದು ಕಂಡವರ ಹಾಗೆ. ಚೂಡಿದಾರದ ಮೇಲೆ ಕೆಂಪು ಹರಡುವುದನ್ನು ನೋಡುತ್ತಾ ನಾಗಭೂಷಣ ನಿಂತಿದ್ದ, ನಗುತ್ತಾ. ಹಲ್ಲು ಕಾಣುತ್ತಿದ್ದುದು ಅವನಿಗೇ ಗೊತ್ತಾಗುತ್ತಿತ್ತು, ತುಟಿ ಮುಚ್ಚಲು ಬರುತ್ತಿರಲಿಲ್ಲ. ಅವಳು ಅವನ ಮುಖವನ್ನೇ ನೋಡಿದಳು. ಬಿದ್ದ ಬಟ್ಟೆಯಲ್ಲಿ ಅವನ ಮನೆಯ ಕುಂಕುಮವಿತ್ತು. ಎಲ್ಲರೂ ಅದನ್ನು ರಕ್ತವೆಂದುಕೊಂಡರು. ದಾರ ಹಳೆಯದಾಗಿತ್ತು ಎಂದು ಯಾರೋ ಅಂದರು. ಹೌದು ಹಳೆಯದು ಎಂದು ಇನ್ನೊಬ್ಬರು ಅಂದರು. ಅವನು ಏನೂ ಅನ್ನಲಿಲ್ಲ.

"ಪುಢೀಲ್ ಸ್ಟೇಷನ್ ಮಾಟುಂಗಾ" ಎಂದು ಗಾಡಿಯ ಹೆಣ್ಣು ದನಿ ಹೇಳಿತು. ಇಳಿದ. ಫ್ಲೈಓವರಿನ ಆಚೆ, ಹೂವಿನ ಅಂಗಡಿಗಳ ಸಾಲಿನಲ್ಲಿ ತುಳಸಿ, ಮರುಗ, ಒದ್ದೆ ಬಾಳೆಯೆಲೆಯ ವಾಸನೆ. ಹೋಟೆಲಿನ ಮುಂದೆ ಭಾನುವಾರದ ದೋಸೆಗೆ ನಿಂತ ಸಂಸಾರಗಳು. ಇವರಲ್ಲಿ ಯಾರ ಗಂಟಲಿಗೂ ಇವತ್ತು ಏನೂ ಆಗುವುದಿಲ್ಲ ಎಂಬುದು ಅವನಿಗೆ ದೊಡ್ಡ ಅನ್ಯಾಯದಂತೆ ಕಂಡಿತು. ಗುಡಿಯ ಮುಂದೆ ಚಪ್ಪಲಿ ಬಿಟ್ಟು, ಒಳಗೆ ಹೋಗದೆ, ಹೊಸ್ತಿಲಲ್ಲೇ ಕೈ ಮುಗಿದ. ಏನು ಕೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಏಕೆಂದರೆ ತಪ್ಪಿಸಿಕೊಳ್ಳುವ ದಾರಿ ಅವನ ಬಳಿ ಇತ್ತು. ಅದು ದೇವರು ಮೆಚ್ಚುವ ದಾರಿಯೂ ಆಗಿತ್ತು. ಭಯವಿದ್ದದ್ದು ಅಲ್ಲೇ.

ಗಾಯವಾದ ಸಂಜೆ ಬಸವಂತರಾಯರು ಎಲ್ಲರನ್ನೂ ಕೂರಿಸಿ ಕಟ್ಟಳೆ ಹೇಳಿದ್ದರು. "ರಕ್ತ ಬಂದ್ರ ಬಾಕಿ ನಿಂದರಬೇಕು. ಇದು ನಮ್ಮ ವಸ್ತಾದರ ವಸ್ತಾದರಿಂದ ಬಂದದ್ದು. ತಿವಿದಾವ ಬರಿಗೈಲೆ ನಿಂದರ್ತಾನ. ಗಾಯ ಆದವರು ಮೈ ನೆಟ್ಟಗಾದ ಮ್ಯಾಲ ಒಂದು ತಿವಿತ ತಿವೀತಾರ, ಗಂಟಲ ಮುಂದ ಬೆರಳಗಲ ಬಿಟ್ಟು ನಿಂದರಸ್ತಾರ. ಅಲ್ಲಿಗೆ ಮುಗೀತು. ಇಲ್ಲಂದ್ರ ಒಬ್ಬರ ಕಂಡ್ರ ಒಬ್ಬರಿಗೆ ಅಂಜಿಕಿ ಉಳೀತದ. ಅಂಜಿಕಿ ಇಟ್ಟಕೊಂಡು ಜೋಡಿ ಆಡಲಿಕ್ಕ ಬರೂದಿಲ್ಲ." ಆಮೇಲೆ, ಹನುಮಪ್ಪನ ಪಟದ ಕಡೆ ನೋಡುತ್ತಾ, "ಇದು ಕೈ ತಪ್ಪಿ ಆದದ್ದಕ್ಕ. ಆಯುಧ ನೋಡಿಕೊಳ್ಳಲಾರದ ಆಗಿದ್ರ ಬಾಕಿ ಇಲ್ಲ. ಅವನ ಬರ್ಚಿ ಗ್ವಾಡಿಗಿ ತೂಗ ಹಾಕತೀವಿ, ಅವ ಮನಿಗೆ" ಎಂದಿದ್ದರು. ಅಂದರೆ ಎಣ್ಣೆಯ ಮಾತನ್ನು ಹೇಳಿಬಿಟ್ಟರೆ ಸಾಕು. ಯಾರೂ ಅವನ ಗಂಟಲಿಗೆ ಅಲಗು ತರುವುದಿಲ್ಲ. ತಲೆ ತಗ್ಗಿಸಿ, ಕ್ಷಮೆ ಕೇಳಿ, ಮುಂದಿನ ಗಾಡಿ ಹಿಡಿದು ಮನೆಗೆ ಹೋಗಿ ಪಂಕಜಾಳಿಗೆ ಹೇಳಿದೆ ಕಣೇ ಎನ್ನಬಹುದು. ಒಬ್ಬ ಮನುಷ್ಯನಿಗೆ ಸತ್ಯ ಹೇಳುವ ಆಸೆ ಇಷ್ಟು ಜೋರಾಗಿ, ನೀರಡಿಕೆಯಂತೆ ಆದದ್ದು ಅವನು ಕಂಡಿರಲಿಲ್ಲ, ಕೇಳಿರಲಿಲ್ಲ. ಎರಡು ವಾರ ಹೇಳದೆ ಇದ್ದದ್ದೂ ಹೆದರಿಕೆ. ಇವತ್ತು ಹೇಳಹೊರಟಿರುವುದೂ ಅದೇ ಹೆದರಿಕೆ, ಅಂಗಿ ಬದಲಿಸಿ ಬಂದದ್ದು.

ಅವನ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಅವರ ಊರ ಗಡಿಯ ಮಾರಮ್ಮನ ಗುಡಿಯ ಮುಂದೆ ನೆಟ್ಟ ಈಟಿಯೊಂದಿತ್ತು. ಹಿಂದೊಂದು ಕಾಲದಲ್ಲಿ ಊರು ಕಾಯುವ ತಳವಾರನೊಬ್ಬ, ಕಳ್ಳರು ಬಂದ ರಾತ್ರಿ ಹೆದರಿ ಹುಲ್ಲಿನ ಮೆದೆಯಲ್ಲಿ ಅಡಗಿಕೊಂಡಿದ್ದು, ಬೆಳಿಗ್ಗೆ ತಾನೇ ಅಟ್ಟಿದೆ ಎಂದನಂತೆ. ಊರವರು ಅವನಿಗೆ ಹಾರ ಹಾಕಿದರಂತೆ. ಹಾರದ ಕೊರಳಲ್ಲಿ ಗುಡಿಗೆ ಬಂದರೆ ಅಮ್ಮನ ಈಟಿ ತಾನಾಗಿ ವಾಲಿ ಅವನ ಎದೆಯ ಕಡೆ ಮುಖ ಮಾಡಿತಂತೆ. ಅವನು ಬಲಕ್ಕೆ ಸರಿದರೆ ಬಲಕ್ಕೆ, ಎಡಕ್ಕೆ ಸರಿದರೆ ಎಡಕ್ಕೆ. ಅಂದಿನಿಂದ ಸುಳ್ಳಾಡಿದವನ ಕಡೆ ಅದು ವಾಲುತ್ತದೆ, ಕೂಸೇ, ಎಂದು ಹೇಳಿ ಅಜ್ಜಿ ದೀಪ ಸಣ್ಣ ಮಾಡುತ್ತಿದ್ದಳು. ಏಳೋ ಎಂಟೋ ವರ್ಷದವನಾಗಿದ್ದಾಗ, ಭರಣಿ ಒಡೆದದ್ದು ಬೆಕ್ಕು ಎಂದು ಹೇಳಿ, ಅವನು ಒಬ್ಬನೇ ಹೋಗಿ ಆ ಈಟಿಯ ಎದುರು ನಿಂತಿದ್ದ. ಬಿಸಿಲಿತ್ತು. ಒಂದು ಓತಿ ಈಟಿಯ ಕೋಲಿನ ಮೇಲೆ ಕೂತು ತಲೆಯಾಡಿಸುತ್ತಿತ್ತು. ಈಟಿ ವಾಲಲಿಲ್ಲ. ಎಷ್ಟು ಹೊತ್ತು ನಿಂತರೂ ವಾಲಲಿಲ್ಲ. ಕುಣಿಯುತ್ತಾ ಮನೆಗೆ ಬರಬೇಕಾದ ಹುಡುಗ ಆ ದಾರಿಯುದ್ದಕ್ಕೂ ಅಳುತ್ತಾ ಬಂದ. ಯಾಕೆ ಅತ್ತೆ ಎಂದು ಆಗ ತಿಳಿದಿರಲಿಲ್ಲ. ಈಗ, ಗುಡಿಯ ಹೊಸ್ತಿಲಲ್ಲಿ ಕೈ ಮುಗಿದು ನಿಂತು, ಅದು ಯಾಕೆಂದು ತಿಳಿದಂತಾಯಿತು. ಈಟಿ ವಾಲದಿದ್ದರೆ ಸುಳ್ಳು ಹೇಳಿದವನ ಬಳಿಯೇ ಉಳಿದುಬಿಡುತ್ತದೆ. ಒಳಗಿನಿಂದ ಯಾರೋ "ಮುಂದ ನಡೀರಿ ಯಜಮಾನ್ರೇ, ದಾರಿ ಬಿಡ್ರಿ" ಎಂದಾಗ ತಿಳಿದದ್ದು ಮತ್ತೆ ಮುಚ್ಚಿಕೊಂಡಿತು.

ತಾಲೀಮಿನಲ್ಲಿ ಕೆಮ್ಮಣ್ಣಿಗೆ ನೀರು ಚಿಮುಕಿಸಿದ್ದರು. ಟೆಂಪೋ ಓಡಿಸುವ ಯಲ್ಲಾಲಿಂಗ ಕಚ್ಚೆ ಬಿಗಿದುಕೊಂಡು ಕೋಲುಗಳನ್ನು ಅರಿವೆಯಿಂದ ಒರೆಸುತ್ತಿದ್ದವನು ಅವನನ್ನು ಕಂಡು ಎದ್ದು ನಿಂತ.

"ಬರ್ರಿ ಸಾಹೇಬ್ರ, ಬರ್ರಿ. ಇದೇನ್ರಿ, ಅರ್ಧಾ ದಾಡಿ ಮಾಡ್ಕೊಂಡು ಬಂದೀರಿ? ಗಂಟಲದ್ದು ಮಹಾದೇವಿ ತೆಗೀತಾಳ ಅಂತ ಬಿಟ್ಟೀರೇನು?"

ಕೂತವರು ನಕ್ಕರು. ನಾಗಭೂಷಣನೂ ನಕ್ಕ.

"ಏ ಯಲ್ಲ್ಯಾ, ಬಾಯಿ ಮುಚ್ಚತಿ ಇಲ್ಲಾ?" ಬಸವಂತರಾಯರು ಕಟ್ಟೆಯ ಮೇಲಿನಿಂದ ಅಂದರು. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆ ವಾಸನೆಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ. "ನೀ ಬಾಕಿ ನಿಂತಾಗ ಚೊಣ್ಣ ಒದ್ದಿ ಮಾಡ್ಕೊಂಡಿದ್ದಿ, ನೆನಪದ ಏನು?"

"ಅದು ಬೆವರ್ರಿ ಕಾಕಾ!"

"ಹೌದಪಾ, ಕಾಲಾಗಿಂದ ಹರಿಯೂ ಬೆವರು."

ಮತ್ತೆ ನಕ್ಕರು. ಮೂಲೆಯಲ್ಲಿ ಮಹಾದೇವಿ ಒಬ್ಬಳೇ ನಗಲಿಲ್ಲ. ಓಢಣಿಯನ್ನು ಸೊಂಟಕ್ಕೆ ಬಿಗಿದು, ಬಲಗೈಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಕಿವಿಯ ಮಟ್ಟಕ್ಕೆ ಬಂದಾಗ ತುಟಿ ಕಚ್ಚಿ, ಮತ್ತೆ ಇಳಿಸುತ್ತಿದ್ದಳು. ಅವಳ ಬೆರಳುಗಳು ನಡುಗುತ್ತಿದ್ದುದು ಇಷ್ಟು ದೂರದಿಂದಲೂ ಅವನಿಗೆ ಕಂಡಿತು. ಕಂಡದ್ದೇ ತಡ, ಅವನ ಕಾಲುಗಳು ಅವನನ್ನು ಕೇಳದೆ ಕಟ್ಟೆಯ ಕಡೆ ನಡೆದವು.

"ವಸ್ತಾದರೇ, ಒಂದು ಮಾತು ಹೇಳೋದಿತ್ತು."

"ಬಾಕಿ ಆಗ್ಲಿ, ಆಮ್ಯಾಲ ಮಾತು."

"ಅಲ್ಲ, ಮೊದಲೇ ಹೇಳಬೇಕು. ಅದಕ್ಕೆ ಮೊದಲೇ."

ಬಸವಂತರಾಯರು ಮಂಡಿ ತಿಕ್ಕುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಅವನು ಬಾಯಿ ತೆರೆದ. ಎಷ್ಟು ಸುಲಭವಿತ್ತು. ಆ ಒಂದು ಕ್ಷಣ ಭಯವೆಲ್ಲ ಇಳಿದು ಮೈ ಹಗುರವಾಗಿ, ಓಣಿಯ ಕಾಫಿಪುಡಿಯ ವಾಸನೆ ಸಹ ಮೂಗಿಗೆ ಬಂತು.

"ಕಾಕಾ," ಹಿಂದಿನಿಂದ ಮಹಾದೇವಿಯ ದನಿ. "ಸರ ಒಂದೀಟು ನೀರು ಕುಡದು ಬರ್ಲಿ. ಬಾಯಿ ಒಣಗೇದ ಅವರದು. ಬರ್ರಿ ಸರ, ನಳ ಇತ್ಲಾಗದ."

ನಳ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಆದರೂ ಅವಳ ಹಿಂದೆ ಹೋದ. ತಗಡಿನ ಗೋಡೆಯ ಆಚೆ, ಗುಡಿಯ ನೀರಿನ ಟಾಕಿಯ ಪಕ್ಕ, ಅವಳು ಎಡಗೈಯಲ್ಲಿ ನಳ ತಿರುವಿ, ನೀರು ಧಡಧಡ ಬೀಳಲು ಬಿಟ್ಟಳು. ಮಾತು ಆಚೆಗೆ ಕೇಳದಿರಲೆಂದು ಬಿಟ್ಟದ್ದೆಂದು ಅವನಿಗೆ ಆಮೇಲೆ ಹೊಳೆಯಿತು.

"ಎಣ್ಣಿ ಮಾತು ಹೇಳಾವ್ರಿದ್ರಿ, ಹೌದಲ್ರಿ?"

ನಳಕ್ಕೆ ಬಗ್ಗಿದ್ದವನು ಹಾಗೇ ತಲೆ ಎತ್ತಿದ.

"ಗಾಯದಾಗ ಎಳ್ಳೆಣ್ಣಿ ವಾಸನಿ ಇತ್ರಿ. ದವಾಖಾನಿಗೆ ಹೋಗೂ ಟ್ಯಾಕ್ಸಿದಾಗ ಬಂತು ನನಗ. ಪೂಜಿ ಮಾಡಿ ಹಂಗ ಸುತ್ಯಾರ ಅಂತ ತಿಳೀತು. ನಮ್ಮ ಅವ್ವನೂ ಹಂಗ. ಈಳಗಿಗೆ ಕುಂಕುಮ ಹಚ್ಚಿದ್ರ ಮೂರು ದಿವಸ ಕಾಯಿಪಲ್ಯ ಹೆಚ್ಚಲಿಕ್ಕ ಬಿಡ್ತಿದ್ದಿಲ್ಲ."

"ಹಾಗಾದರೆ... ವಸ್ತಾದರಿಗೆ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ರ ನಿಮ್ಮ ಬರ್ಚಿ ಗ್ವಾಡಿಗಿ, ನೀವು ಮನಿಗಿ. ನಂದೇನ್ರಿ?" ಅವಳ ದನಿ ಏರಲಿಲ್ಲ. "ಅವತ್ತಿಂದ ಯಾರರ ಸಟಕ್ಕನ ಕೈ ಎತ್ತಿದ್ರ ಎದಿ ಧಸಕ್ ಅಂತದ ನಂದು. ನಿನ್ನಿ ಖಾನಾವಳ್ಯಾಗ ಒಬ್ಬಾವ ಸಾರು ಹಾಕ್ಕೊಳ್ಳಿಕ್ಕ ಸೌಟು ಎತ್ತಿದ. ನಾ ಹಂಚಿನ ಮ್ಯಾಗಿನ ರೊಟ್ಟಿ ಬಿಟ್ಟು ಹಿಂದಕ್ಕ ಜಿಗದೆ. ಉಣ್ಣಾವ್ರು ಎಲ್ಲಾ ನಕ್ಕರು. ನನ್ನ ಗಂಡ ತೀರಿಕೊಂಡು ಈ ಊರಾಗ ಒಬ್ಬಾಕಿ ಇದ್ದೀನಿ ಸರ. ಅಂಜಿದ್ರ ನನಗ ನಡಿಯೂದಿಲ್ಲ. ನೀವು ತಪ್ಪಾತು ಅಂತಂದು ಹಗೂರಾಗಿ ಹೋಗಿಬಿಡ್ತೀರಿ. ನಾ ಇದನ್ನ ಹೊತಗೊಂಡು ತಿರಗೂದು?"

ನೀರು ಬೀಳುತ್ತಲೇ ಇತ್ತು. ಅವನಿಗೆ ಅವಳ ಕಾಲಿನ ಕಡೆ ನೋಡಲು ಮಾತ್ರ ಆಯಿತು. ಕೆಮ್ಮಣ್ಣು ಹತ್ತಿದ, ಅಂಚು ಒಡೆದ ಹಿಮ್ಮಡಿಗಳು.

"ನಿಮ್ಮ ಭುಜ..."

"ಇನ್ನಾ ನಡಗತದ. ಸುಳ್ಳ್ಯಾಕ ಹೇಳ್ಲಿ?"

"ಕೈ ತಪ್ಪಿದರೆ?"

"ಅದನ್ನ ವಿಚಾರ ಮಾಡಿ ಮಾಡಿ ರಾತ್ರಿ ನಿದ್ದಿ ಇಲ್ಲ ನನಗ" ಎಂದಳು. "ಇನ್ನೊಂದು. ಅವತ್ತು ನಕ್ಕಿರಿ ನೀವು."

"ಅದು ನಗು ಅಲ್ಲ ಮಹಾದೇವಿಯವರೇ. ದೇವರಾಣೆ ಅಲ್ಲ."

"ಗೊತ್ತದರಿ. ಅಂಜಿದವರ ಹಲ್ಲು ನಾ ನೋಡೀನಿ. ಖರೇ, ಇವತ್ತು ಆ ನಗಿ ಬ್ಯಾಡ. ನೀರು ಕುಡೀರಿ."

ಅವನು ಬೊಗಸೆಯೊಡ್ಡಿ ಕುಡಿದ. ನೀರು ಗಂಟಲಿನಲ್ಲಿ ಇಳಿಯುವುದು, ಅಲ್ಲಿಯ ಗಂಟು ಏರಿ ಇಳಿಯುವುದು, ಒಂದೊಂದು ಗುಟುಕೂ ಬೇರೆಬೇರೆಯಾಗಿ ತಿಳಿಯಿತು. ಹಿಂತಿರುಗಿ ಬಂದಾಗ ಬಸವಂತರಾಯರು ಎದ್ದು ನಿಂತಿದ್ದರು.

"ಏನೋ ಮಾತದ ಅಂದಿದ್ದಿರಲ್ಲ?"

ಈಗಲೂ ಹೇಳಬಹುದಿತ್ತು. ಮಹಾದೇವಿ ಅವನ ಕಡೆ ನೋಡದೆ ತನ್ನ ಈಟಿಯ ಬಟ್ಟೆ ಬಿಚ್ಚುತ್ತಿದ್ದಳು, ಸುತ್ತು ಸುತ್ತಾಗಿ, ಕೂಸಿನ ತಲೆಯ ಕುಲಾವಿ ತೆಗೆಯುವ ಹಾಗೆ. "ಆಮೇಲೆ ಹೇಳ್ತೀನಿ" ಎಂದ ನಾಗಭೂಷಣ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಬಾಕಿ ಆದಮೇಲೆ ಖಂಡಿತ ಹೇಳ್ತೀನಿ. ಆಗ ನೀವು ಏನು ಮಾಡಿದರೂ ಸರಿ."

ವಸ್ತಾದರು ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. ಅವನು ಹೋಗಿ ಗೆರೆಯ ಮೇಲೆ ನಿಂತ. ಯಲ್ಲಾಲಿಂಗ ಬಂದು, ಹಾಸ್ಯವಿಲ್ಲದ ಮುಖದಲ್ಲಿ, ಅವನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕಾಲರು ಅಗಲ ಮಾಡಿ, "ಉಸಿರು ಹಿಡೀಬ್ಯಾಡ್ರಿ ಅಣ್ಣಾರ, ಬಿಡ್ತಾ ಇರ್ರಿ" ಎಂದು ಕಿವಿಯಲ್ಲಿ ಹೇಳಿ ಸರಿದ. ಎಲ್ಲರೂ ಗೋಡೆಗೆ ಒತ್ತಿ ನಿಂತರು. ಕನ್ನಡಕ ತೆಗೆಯಬೇಕೆ ಎಂದು ಅವನು ಕೇಳಬೇಕೆಂದಿದ್ದ, ಕೇಳಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಪಕ್ಕಕ್ಕೆ ಬಿಟ್ಟ. ಅವು ತಮ್ಮಷ್ಟಕ್ಕೆ ಇಲ್ಲದ ಬಿದಿರನ್ನು ಹುಡುಕಿದವು. ಮಹಾದೇವಿ ಎದುರಿಗೆ ಬಂದು ನಿಂತಾಗ ತಗಡಿನ ಸಂದಿಯಿಂದ ಬಂದ ಬಿಸಿಲು ಅಲಗಿನ ಮೇಲೆ ಬಿತ್ತು. ಅದು ಎಷ್ಟು ಸಣ್ಣದಿತ್ತು. ಮಾವಿನ ಎಲೆಯಷ್ಟೂ ಇಲ್ಲ. ಅವನು ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ದೇವರ ಹೆಸರಿಗಾಗಿ ತಡಕಾಡಿದ, ದಿನಾ ಬೆಳಿಗ್ಗೆ ನೂರೆಂಟು ಸಲ ಹೇಳುವ ಹೆಸರು. ಬಾಯಿಗೆ ಬಂದದ್ದು ಲೋಕಲ್ ಗಾಡಿಯ ಹೆಣ್ಣುದನಿ ಮಾತ್ರ, ಮುಂದಿನ ಸ್ಟೇಷನ್, ಮುಂದಿನ ಸ್ಟೇಷನ್.

"ಕಣ್ಣು ತೆರೀರಿ ಸರ" ಎಂದಳು ಮಹಾದೇವಿ. "ಕಣ್ಣು ಮುಚ್ಚಿದವರ ಮುಂದ ನಾ ಬರ್ಚಿ ಎತ್ತೂದಿಲ್ಲ."

ತೆರೆದ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಈಟಿಯ ತುದಿ ಒಂದೇ ಕಡೆ ನಿಲ್ಲದೆ, ಸೂಜಿಗೆ ದಾರ ಪೋಣಿಸುವ ಮುದುಕಿಯ ಕೈಯಂತೆ, ಗಾಳಿಯಲ್ಲಿ ಸಣ್ಣ ಸಣ್ಣ ಸುತ್ತು ಬರೆಯುತ್ತಿತ್ತು. ಇಷ್ಟು ಹೊತ್ತು, ಬಚ್ಚಲಲ್ಲಿ, ಗಾಡಿಯಲ್ಲಿ, ಗುಡಿಯ ಹೊಸ್ತಿಲಲ್ಲಿ, ಈ ಭಯ ಲೋಕದಲ್ಲಿ ತನ್ನೊಬ್ಬನ ಗಂಟಲಿಗೆ ಬಂದದ್ದೆಂದು ಅವನು ತಿಳಿದಿದ್ದ. ಇದೇ ಮಣ್ಣಿನಲ್ಲಿ ಬಟ್ಟೆ ಜಾರಿ ಬಿದ್ದಾಗ ಅವಳು ಕಂಡದ್ದು ಇಂಥದೇ ಅಲಗನ್ನು, ಅದರ ಹಿಂದೆ ಒಂದು ನಗುವ ಮುಖವನ್ನು. ಅವನಿಗೆ ಏನಾದರೂ ಹೇಳಬೇಕೆನಿಸಿತು.

"ಮಹಾದೇವಿಯವರೇ..."

"ಮಾತಾಡಬ್ಯಾಡ್ರಿ. ಗಂಟಲ ಅಲ್ಲಾಡ್ತದ."

ಅವಳು ಒಂದು ಹೆಜ್ಜೆ ಹಿಂದೆ ಹೋದಳು. ಇನ್ನೊಂದು. ಬಲ ತೋಳು ಮೇಲೇರಿತು, ಕಿವಿಯ ಮಟ್ಟದಲ್ಲಿ ಒಮ್ಮೆ ತಡೆಯಿತು, ನೋವಿಗೆ ಅವಳ ಒಂದು ಕಣ್ಣು ಕಿರಿದಾಯಿತು. ಗುಡಿಯ ಗಂಟೆ ಯಾರೋ ಬಾರಿಸಿದರು. ಹಿಮ್ಮಡಿ ಮಣ್ಣನ್ನು ಒದ್ದ ಸದ್ದು ಕೇಳಿತು. ಆಮೇಲೆ ಮಾವಿನೆಲೆಯಷ್ಟೂ ಇಲ್ಲದ ಆ ಹೊಳಪು ಬೆಳೆಯುತ್ತಾ ಬೆಳೆಯುತ್ತಾ ಅವನ ಕಡೆ ಬಂತು, ಅವಳ ಬಾಯಿಂದ ಹೊರಟ ಕೂಗಿಗಿಂತ ಮುಂದಾಗಿ ಬಂತು. ಅವನ ಮೈಯ ಒಂದೊಂದು ರೋಮವೂ ಸರಿ ಸರಿ ಎಂದಿತು. ಅವನು ಸರಿಯಲಿಲ್ಲ. ಬೆರಳಗಲ ಉಳಿಯಲಿಲ್ಲ. ಮೊನೆ ಬಂದು ಗಂಟಲಿನ ಗಂಟಿನ ಕೆಳಗೆ, ಕೆರೆಯದ ಗಡ್ಡದ ನಡುವೆ, ತಣ್ಣಗೆ ತಾಗಿ ನಿಂತಿತು. ಚರ್ಮ ಒಳಗೆ ತಗ್ಗಿತು, ಹರಿಯಲಿಲ್ಲ. ಅವಳ ಭುಜದ ನಡುಕ ಬಿದಿರಿನುದ್ದಕ್ಕೂ ಹರಿದು ಬಂದು ಅವನ ಗಂಟಲನ್ನು ಸೇರುತ್ತಿತ್ತು. ಅವನ ಗಂಟಲಿನ ನಡುಕ ಅದೇ ದಾರಿಯಲ್ಲಿ ಆಚೆ ಹೋಗುತ್ತಿತ್ತು. ಯಾವುದು ಯಾರದೆಂದು ಹೇಳಲು ಬರುತ್ತಿರಲಿಲ್ಲ. ಅವಳ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು. ಬಿದಿರಿನ ನಡುಕ ಕಡಿಮೆಯಾಗುತ್ತಾ ಬಂದು, ಅವಳ ಕಡೆಯದು ಮೊದಲು ನಿಂತಿತು.

"ತಗೋರಿ" ಎಂದಳು ಮಹಾದೇವಿ, ಅವನೊಬ್ಬನಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ. "ನಿಮ್ಮ ಅಂಜಿಕಿ ನಿಮಗ."